ಹೊರಸು ಹಾಕಿದರೆ ಕರೆದಂತೆ

ಎಂಬತ್ತರ ದಶಕದ ಆರಂಭದಲ್ಲಿ ನಾವು ನಾಗಪುರದ ಸರ್ಕಾರಿ ಕಾರ್ಖಾನೆಯೊಂದರ ನೌಕರರ ವಸತಿಯಲ್ಲಿದ್ದೆವು. ಸಾಲುಮನೆಗಳ ಬಾಗಿಲುಗಳೆಲ್ಲ ಒಂದೇ ಅಂಗಳಕ್ಕೆ ತೆರೆಯುತ್ತಿದ್ದವು. ಅಲ್ಲೊಂದು ನಲ್ಲಿ, ಒಂದು ಬೇವಿನ ಮರ. ಬೇಸಿಗೆಯಲ್ಲಿ ಯಾರಾದರೂ ಮರದಡಿ ಹೊರಸು, ಅಂದರೆ ಹಗ್ಗದ ಮಂಚ, ಹಾಕಿ ಬಿಳಿ ಬಟ್ಟೆ ಹಾಸಿದರೆ, ಅಂದು ಆ ಮನೆಯ ಹಪ್ಪಳ ಎಂದರ್ಥ. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಕರೆದರೆ ಹೊರಗಿನವರೆಂದು ಎಣಿಸಿದಂತೆ. ಹೆಂಗಸರು ತಂತಮ್ಮ ಮಣೆ, ಲಟ್ಟಣಿಗೆ ಹಿಡಿದು ತಾವಾಗಿ ಬರುತ್ತಿದ್ದರು.

“ವೈನಿ, ಇದೇನ್ ಹಪ್ಪಳನೋ ನಕಾಶಿನೋ?” ಎಂದು ಬೆಳಗಾವಿ ಕಡೆಯ ನೆರೆಮನೆಯಾಕೆ ಅವ್ವ ಲಟ್ಟಿಸಿದ ಸೊಟ್ಟ ಹಪ್ಪಳವನ್ನು ಎತ್ತಿ ಹಿಡಿದು ಕೆಣಕುತ್ತಿದ್ದಳು.

“ನಿಮ್ಮ ತವರೂರಿನ ನಕಾಶಿರೀ. ಗುರ್ತು ಸಿಗಲಿಲ್ಲೇನು?”

ಮರಾಠಿ ಬಾರದ ಅವ್ವನಿಗೆ ನಗಲು ಇದ್ದ ಜಾಗ ಅದೊಂದೇ. ಆ ಅಂಗಳ ನಿರ್ದೋಷಿಯಾಗಿತ್ತೆಂದು ನಾನು ಹೇಳಲಾರೆ: ಅದನ್ನು ಗುಡಿಸುತ್ತಿದ್ದ ಹೆಂಗಸಿಗೆ ಆ ನಲ್ಲಿಯನ್ನು ಮುಟ್ಟುವ ಹಕ್ಕಿರಲಿಲ್ಲ. ಆ ಅನ್ಯಾಯವನ್ನು ಯಾರೂ ತಿದ್ದಲಿಲ್ಲ, ಅಂಗಳವನ್ನೇ ಅಳಿಸಿಹಾಕಿದರು.

ಸಾಲುಮನೆ ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸಿದರು. ನಲ್ಲಿ ಮನೆಯೊಳಗೇ ಬಂತು. ನೀರು ಹೊರುವ ಕಷ್ಟ ತಪ್ಪಿದ್ದು ನಿಜ. ಆದರೆ ಮೆಟ್ಟಿಲು ಕತ್ತಲು, ಬಾಗಿಲುಗಳು ಗೋಡೆಗೆ ಎದುರು, ಕೆಳಗೆ ಕೂರಲು ಅಂಗೈಯಗಲ ನೆರಳಿಲ್ಲ. ನಕ್ಷೆ ಬರೆದವರು ಅಲ್ಲಿ ಬಾಳಬೇಕಾದ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ.

ಮೊದಲ ಬೇಸಿಗೆಯಲ್ಲಿ ಅವ್ವ ಇತವಾರಿ ಪೇಟೆಯಿಂದ ತಂದ ಉದ್ದಿನಬೇಳೆ ಬೀಸಿಸಿ, ಹಿಟ್ಟು ಕುಟ್ಟಿ, ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಲ್ಲಿ ಹೊರಸು ಹಾಕಿದಳು. ಬಿಳಿ ಬಟ್ಟೆ ಹಾಸಿ ಕಾದಳು. ಯಾರೂ ಬರಲಿಲ್ಲ.

“ಬಾಗಿಲಾ ಬಡದು ಕರೀಲೇನವ್ವಾ?” ಎಂದೆ.

“ಬ್ಯಾಡ. ಬರೂ ಮನಸಿದ್ರ ಬರ್ತಾರ.”

ನೆರಳು ಸರಿಯಿತು, ಹಿಟ್ಟಿನ ಉಂಡೆಗಳು ಒಣಗಿ ಬಿರಿದವು. ನಾವಿಬ್ಬರೇ ಆದಷ್ಟು ಲಟ್ಟಿಸಿದೆವು.

ಕೆಲವು ದಿನಗಳ ಮೇಲೆ ಬೆಳಗಾವಿಯಾಕೆ ಮೆಟ್ಟಿಲಲ್ಲಿ ಎದುರಾದಳು. “ನಮ್ಮನ್ನ ಬಿಟ್ಟು ಹಪ್ಪಳಾ ಮಾಡಿದ್ರಂತಲ್ರಿ ವೈನಿ?”

“ಹೊರಸು ಹಾಕಿದ್ನಲ್ರಿ.”

“ಎಲ್ಲಿ?”

“ಮಾಳಿಗಿ ಮ್ಯಾಲ.”

“ಮನ್ಯಾಗ ಕುಂತೋರಿಗೆ ಮಾಳಿಗಿ ಕಾಣ್ತದೇನ್ರಿ?”

ಅಂದಿನಿಂದ ಕರೆಯುವುದು ಅವ್ವನಿಂದಾಗಲಿಲ್ಲ, ಕರೆಯದೆ ಬರುವುದು ಬೆಳಗಾವಿಯಾಕೆಯಿಂದಾಗಲಿಲ್ಲ. ಇಬ್ಬರೂ ತಪ್ಪೆಲ್ಲ ಇನ್ನೊಬ್ಬಳದೆಂದೇ ನಂಬಿದರು. ಗೋಡೆಯನ್ನು ಯಾರೂ ದೂರಲಿಲ್ಲ.

ಮರುವರ್ಷ ಅಪ್ಪ ಗಾಂಧಿಬಾಗಿನ ಅಂಗಡಿಯಿಂದ ಹಪ್ಪಳದ ಕಟ್ಟು ತಂದರು. ಎಲ್ಲವೂ ಅಚ್ಚುಕಟ್ಟಾಗಿ ದುಂಡಗಿದ್ದವು. ಅವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಸುಟ್ಟು ನಮಗೆ ಬಡಿಸಿದಳು. ತಾನು ಮಾತ್ರ ತಿನ್ನಲಿಲ್ಲ.