ಸೋದರಮಾವನ ತೊಡೆ

ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಆ ದೊಡ್ಡ ಪವರ್ ಪ್ರೆಸ್ಸನ್ನು ನನ್ನಷ್ಟು ಚೆನ್ನಾಗಿ ಓಡಿಸುವವನು ಇನ್ನೊಬ್ಬನಿರಲಿಲ್ಲ. ಹೊಸದಾಗಿ ಬಂದ ಸೂಪರ್‌ವೈಸರಿಗೂ ಮೊದಲ ದಿನವೇ ಇದನ್ನು ಹೇಳಿಬಿಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ.

ಅಕ್ಕನ ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕು. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ರಜೆ ಕೇಳಿದೆ.

“ನೀನಿಲ್ದಿದ್ರೆ ಪ್ರೆಸ್ಸೇ ನಿಂತೋಗುತ್ತೆ ಅಂದಿದ್ದು ನೀನೇ ಅಲ್ವೇನಪ್ಪಾ? ಹೆಂಗೆ ಬಿಡ್ಲಿ?”

“ನಾನ್ ಹೋಗ್ದಿದ್ರೆ ಚಿಕ್ಕಪ್ಪನ ಮಗನ ತೊಡೆ ಮೇಲೆ ಕೂರಿಸ್ತಾರೆ ಸಾರ್. ಆಮೇಲೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?”

“ತೊಡೆ ತಾನೇ? ಯಾರದಾದ್ರೇನು?”

“ನಿಮ್ ಮದ್ವೇಲಿ ತಾಳಿ ಕಟ್ಟೋಕೆ ಬೇರೆಯೋರ ಕೈ ಆಗ್ತಿತ್ತಾ ಸಾರ್?”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಸೂಪರ್‌ವೈಸರಿಗೂ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. “ಮೂರು ದಿನ ಡಬಲ್ ಶಿಫ್ಟ್ ಮಾಡಿ, ಮಾಲು ತೆಗೆದಿಟ್ಟು ಹೋಗು” ಎಂದರು.

“ಮೂರೇನ್ ಸಾರ್, ನಾಲ್ಕ್ ಮಾಡ್ತೀನಿ” ಎಂದೆ. ಬಾಯಿ ನೋಡಿ ನನ್ನದು! ನಾಲ್ಕೇ ಬರೆದುಕೊಂಡರು.

ನಾಲ್ಕನ್ನೂ ಮುಗಿಸಿ, ಬಸ್ಸಿನಲ್ಲಿ ನಿಂತೇ ಊರು ಸೇರಿದೆ. ಸ್ನಾನ ಮಾಡಿ, ಪಂಚೆ ಉಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತೆ. ಅಕ್ಕ ಕೂಸನ್ನು ತಂದು ತೊಡೆಯ ಮೇಲಿಟ್ಟಳು. ಬೆಚ್ಚಗಿತ್ತು. ಗೋಡೆಗೊರಗಿದ್ದಷ್ಟೇ ನೆನಪು.

“ಏಳೋ, ಮುಗೀತು” ಎಂದು ಅಕ್ಕ ಭುಜ ಅಲ್ಲಾಡಿಸಿದಾಗ ಅಕ್ಕಸಾಲಿ ಎದ್ದು ಹೋಗಿದ್ದ. ಮಗುವಿನ ಎರಡೂ ಕಿವಿಯಲ್ಲಿ ಚಿನ್ನದ ತಂತಿ ಹೊಳೆಯುತ್ತಿತ್ತು. ಬೀದಿಗೆಲ್ಲ ಕೇಳುವಂತೆ ಅತ್ತಿತಂತೆ. ಪ್ರೆಸ್ಸಿನ ಸದ್ದಿಗೆ ಒಗ್ಗಿಹೋದವನಿಗೆ ಅದೆಲ್ಲಿ ಕೇಳೀತು? ಶಾಸ್ತ್ರಕ್ಕೇನೂ ಲೋಪವಾಗಲಿಲ್ಲ ಬಿಡಿ, ತೊಡೆಯಂತೂ ಹಾಜರಿತ್ತು.