ಹುಕ್ಕಿನ ಬಾಯಿ ತಿದ್ದಿದ ಸೋಮವಾರ

ನಾನು ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಕಾರ್ಖಾನೆಯಲ್ಲಿ ದಾಖಲೆ ವಿಭಾಗದ ಸಹಾಯಕಿ. ಮೂರು ವರ್ಷದ ಹಿಂದೆ, ನಲವತ್ತೆರಡನೆಯ ವಯಸ್ಸಿನಲ್ಲಿ, ಬಿಡಿಭಾಗಗಳ ಕ್ಯಾಟಲಾಗ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಡಿಸೈನರ್ ಸುರೇಶ್ ಎರಡು ವಾರ ಪಕ್ಕದಲ್ಲಿ ಕೂತು ಫೋಟೋ ಎಡಿಟಿಂಗ್ ಕಲಿಸಿದರು.

ನನಗೆ ಬಹಳ ಹಿಡಿಸಿದ್ದು ವಾರ್ಪ್ ಎಂಬ ಟೂಲ್. ಚಿತ್ರದ ಮೇಲೆ ಬಲೆಯಂತೆ ಗೆರೆಗಳು ಮೂಡುತ್ತವೆ. ಒಂದು ಗೆರೆ ಹಿಡಿದು ಎಳೆದರೆ ಅದರಡಿಯ ವಸ್ತುವಿನ ಆಕಾರವೂ ಬದಲಾಗುತ್ತದೆ. ಮೊಬೈಲನ್ನು ತೀರ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಅಂಚುಗಳು ಹಿಗ್ಗಿದಂತೆ ಕಾಣುವುದುಂಟು.

"ವಸ್ತು ನೆಟ್ಟಗೇ ಇರುತ್ತೆ ಮೇಡಂ, ಸೊಟ್ಟ ಮಾಡೋದು ಲೆನ್ಸು. ನಾವು ಅದರ ಮರ್ಯಾದೆ ವಾಪಸ್ ಕೊಡ್ತೀವಿ, ಅಷ್ಟೇ," ಎಂದು ಸುರೇಶ್ ನಗುತ್ತಿದ್ದರು.

ಒಂದು ಸೋಮವಾರ, ಕ್ಯಾಟಲಾಗ್ ಫೋಟೋಗಳು ಬರುವ ವಾಟ್ಸಾಪ್ ಗುಂಪಿಗೇ ಕ್ರೇನ್ ಹುಕ್ಕಿನ ಫೋಟೋ ಬಂತು, ಜೊತೆಗೆ ಬರಹವೇನೂ ಇರಲಿಲ್ಲ. ಕಳಿಸಿದವರು ಕ್ರೇನಿನ ಕೆಳಗೆ ಕೆಲಸ ಮಾಡುವ, ಕೊಪ್ಪಳ ಕಡೆಯ ಬಸವರಾಜ್. ಅದನ್ನು ತಿಂಗಳ ತಪಾಸಣಾ ವರದಿಗೆ ಸೇರಿಸಬೇಕಿತ್ತು. ಹುಕ್ಕಿನ ಬಾಯಿ ಅಗಲವಾಗಿ ಕಂಡಿತು. ಲೆನ್ಸಿನ ದೋಷವೆಂದುಕೊಂಡು ಬಾಯಿಯನ್ನು ವಾರ್ಪ್ ಟೂಲಿನಿಂದ ಚೊಕ್ಕವಾಗಿ ಕೂಡಿಸಿ ವರದಿಗೆ ಹಾಕಿದೆ. ಕೈ ಪಳಗಿತೆಂದು ಖುಷಿಯೂ ಆಯಿತು.

ಮರುದಿನ ಹನ್ನೊಂದು ಗಂಟೆಗೆ ಬಸವರಾಜ್ ನನ್ನ ಮೇಜಿನ ಮುಂದೆ ನಿಂತಿದ್ದರು.

"ಅಕ್ಕಾರ, ಹುಕ್ಕಿನ ಬಾಯಿ ಅಗಲ ಆಗೇತಂತ ಫೋಟೋ ಹಾಕಿದ್ದೆ. ಮ್ಯಾನೇಜರ್ ಸಾಹೇಬ್ರು ವರದಿ ನೋಡಿ, ಎಲ್ಲಾ ಸರಿ ಐತಿ, ಮೊದ್ಲ ನಿನ್ನ ಕಣ್ಣ ತೋರಿಸ್ಕೋ ಅಂದ್ರು. ಹನ್ನೆರಡಕ್ಕ ಒಂದೂವರೆ ಟನ್ನಿನ ಡೈ ಎತ್ತಬೇಕ್ರೀ. ಬಾಜೂಕ ನಿಲ್ಲಾಂವ ನಾನ."

ಡೈ ಎಂದರೆ ತಗಡನ್ನು ಆಕಾರಕ್ಕೆ ಒತ್ತುವ ಉಕ್ಕಿನ ಅಚ್ಚು. ಭಾರ ಎತ್ತಿ ಎತ್ತಿ ಹುಕ್ಕಿನ ಬಾಯಿ ತೆರೆದುಕೊಂಡರೆ ಅಚ್ಚಿಗೆ ಕಟ್ಟಿ ಹುಕ್ಕಿಗೆ ಸಿಕ್ಕಿಸಿದ ಬೆಲ್ಟ್ ಜಾರಿ ಅಚ್ಚು ಕೆಳಗೆ ಬೀಳುತ್ತದೆ. ಇದು ಅವತ್ತು ಬಸವರಾಜ್ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಮೂಲ ಫೋಟೋ ತೆರೆದು ನೋಡಿದೆ. ಉಳಿದದ್ದೆಲ್ಲ ನೆಟ್ಟಗಿತ್ತು, ಹುಕ್ಕಿನ ಬಾಯಿ ಮಾತ್ರ ಅಗಲವಾಗಿತ್ತು. ಮ್ಯಾನೇಜರ್ ಕೋಣೆಗೆ ಹೋದೆ.

"ಸಾರ್, ಕ್ರೇನ್ ನಿಲ್ಲಿಸಿ. ಹುಕ್ಕನ್ನ ಸರಿ ಮಾಡಿದ್ದು ನಾನು."

"ನೀವಾ? ಹುಕ್ಕು ಹೆಂಗ್ರೀ ಸರಿ ಮಾಡಿದ್ರಿ?"

"ಕಂಪ್ಯೂಟರಲ್ಲಿ, ಸಾರ್."

ಅವರು ಫೋನ್ ಎತ್ತಿ ಕ್ರೇನ್ ನಿಲ್ಲಿಸಿದರು.

ಹುಕ್ಕನ್ನು ಇಳಿಸಿ ವರ್ನಿಯರ್ ಎಂಬ ಸೂಕ್ಷ್ಮ ಅಳತೆಗೋಲು ಹಿಡಿದು ಅಳೆದರು. ಹೊಸದಿದ್ದಾಗ ಬಾಯಿ ನಲವತ್ತು ಮಿಲಿಮೀಟರ್, ಈಗ ನಲವತ್ತೇಳು. ಯಾರೂ ಮತ್ತೆ ತೊಡಿಸಬಾರದೆಂದು ಅದನ್ನು ಅಲ್ಲೇ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿದರು.

ಕೆಲಸ ಹೋಗುತ್ತದೆಂದುಕೊಂಡಿದ್ದೆ. ಹೋಗಲಿಲ್ಲ. ತಪಾಸಣೆಯ ಫೋಟೋಗಳಿಗೆ ಬೇರೆ ಫೋಲ್ಡರ್ ಬಂತು. ಅವುಗಳನ್ನು ಯಾರೂ ತಿದ್ದುವಂತಿಲ್ಲ. ಈಗ ಬಸವರಾಜ್ ವಸ್ತುವಿನ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟೇ ಫೋಟೋ ತೆಗೆಯುತ್ತಾರೆ. ಶನಿವಾರ ಶಿಫ್ಟ್ ಮುಗಿಸಿ ಬಂದು ನನ್ನ ಬಳಿ ವಾರ್ಪ್ ಕಲಿಯುತ್ತಾರೆ.

ಚಿತ್ರ ಸೊಟ್ಟ ಕಂಡರೆ ಮೊದಲು ಹೋಗಿ ವಸ್ತುವನ್ನು ಅಳೆಯಬೇಕು, ಆಮೇಲೆ ಮೌಸ್ ಹಿಡಿಯಬೇಕು. ಇದು ನಾನು ಕಲಿತ ಪಾಠ. ನನ್ನ ಕುರ್ಚಿಯಿಂದ ಆ ಕ್ರೇನಿಗೆ ಅರವತ್ತು ಹೆಜ್ಜೆ. ಆ ಸೋಮವಾರ ನಾನು ಅಷ್ಟು ದೂರ ನಡೆದಿರಲಿಲ್ಲ.