ಶೀಸೆ ತೊಳೆಯುತ್ತಿದ್ದವಳು, ಪುಟ 143

ಬೆಳಗಿನ ಐದೂಕಾಲು. ಮನೆಯವರು ಏಳುವ ತನಕ ಊಟದ ಮೇಜು ಇವರೊಬ್ಬರದೇ. ಎಡಗಡೆ ಅಚ್ಚಿಗೆ ಹೋಗಲಿರುವ ಪುಸ್ತಕದ ಬಿಡಿ ಹಾಳೆಗಳು, ಬಲಗಡೆ ಶೂ ಡಬ್ಬಿಯ ತುಂಬ ವಿಜ್ಞಾನಿಗಳ ಹೆಸರು ಬರೆದು ಅಕ್ಷರವಾರು ಜೋಡಿಸಿದ ಚೀಟಿಗಳು. ಕುತ್ತಿಗೆಗೆ ಬೆಲ್ಟ್ ಕಟ್ಟಿಕೊಂಡ ಅರವತ್ತೆರಡರ ಈ ಹೆಂಗಸು, ನಿನ್ನೆ ಪ್ರಕಾಶಕರಿಗೆ ಕಳಿಸಿದ ಪಟ್ಟಿಯ ಒಂದೊಂದು ಪುಟಸಂಖ್ಯೆಯನ್ನೂ ಮತ್ತೆ ತಾಳೆ ನೋಡುತ್ತಿದ್ದಾರೆ. ಸೊಸೆ ಎದ್ದು ಬಂದು, "ಅತ್ತೆ, ನಿಮ್ಮ ವಿಜ್ಞಾನಿಗಳನ್ನ ಸ್ವಲ್ಪ ಆಚೆ ಸರಿಸಿ, ತಟ್ಟೆ ಇಡ್ಬೇಕು" ಅನ್ನುತ್ತಾಳೆ.

ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಪುಸ್ತಕದ ಕೊನೆಗೆ ಒಂದು ಪಟ್ಟಿ ಇರುತ್ತದಲ್ಲ, ಪದಸೂಚಿ, ಅದನ್ನು ಮಾಡುವುದು ಇವರ ಕಸುಬು. ಅದಕ್ಕೂ ಒಬ್ಬರು ಕೂತು ಕಣ್ಣು ಸವೆಸುತ್ತಾರೆ ಎಂಬುದೇ ಪತ್ರಿಕೆಗೆ ಬರೆಯುವ ನನಗೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ವಿಜ್ಞಾನದ ಚರಿತ್ರೆ, ಹಿಂದಿನ ಕಾಲದ ಕಥನ, ಹೀಗೆ ಸಾಮಾನ್ಯ ಓದುಗರಿಗೆಂದು ಬರೆದ ಇನ್ನೂರ ಹದಿನಾಲ್ಕು ಪುಸ್ತಕಗಳು ಇವರ ಕೈ ದಾಟಿವೆ. ಒಂದರಲ್ಲೂ ಇವರ ಹೆಸರಿಲ್ಲ. ಪ್ರಕಾಶಕರ ಕಚೇರಿಯಲ್ಲಿ ಇವರು ಬರೀ "ಕೊನೆಪುಟದಮ್ಮ".

"ಓದೋ ಹುಚ್ಚಿಗೇ ಈ ಕೆಲಸಕ್ಕೆ ಬಂದೆ. ಈಗ ಸುಮ್ನೆ ಓದೋಣ ಅಂತ ಕೂತ್ರೂ ಕಣ್ಣು ಹೆಸರುಗಳನ್ನೇ ಹೆಕ್ಕುತ್ತೆ. ಕಥೆ ಕೈಗೇ ಸಿಗಲ್ಲ" ಅನ್ನುತ್ತಾರೆ.

ಇದು ಇವರ ಕೊನೆಯ ಪುಸ್ತಕ. ಪದಸೂಚಿಯನ್ನು ಯಾರೂ ನೋಡುವುದಿಲ್ಲ, ಕಾಗದ ದಂಡ, ಇನ್ನು ಮುಂದೆ ಬೇಡ ಎಂದು ಪ್ರಕಾಶಕರು ಕೈತೊಳೆದುಕೊಂಡಿದ್ದಾರೆ. ಜ್ವರವೊಂದಕ್ಕೆ ಮದ್ದು ಕಂಡುಹಿಡಿದ ಕಥೆ ಈ ಪುಸ್ತಕದ್ದು. 143ನೇ ಪುಟದಲ್ಲಿ ಒಂದೇ ಸಾಲು: ಪ್ರಯೋಗಾಲಯದ ಶೀಸೆ ತೊಳೆಯುತ್ತಿದ್ದ ಹೆಂಗಸು ಅದೇ ಜ್ವರ ತಗುಲಿ ಸತ್ತಳು. ಲೇಖಕರು ಹೆಸರು ಹೇಳಿಲ್ಲ. ಇವರು ಅವಳಿಗೂ ಒಂದು ಚೀಟಿ ಮಾಡಿ, "ಶೀಸೆ ತೊಳೆಯುತ್ತಿದ್ದವಳು" ಎಂದು ಪಟ್ಟಿಗೆ ಸೇರಿಸಿದ್ದಾರೆ.

ನಾನು ಅಲ್ಲಿರುವಾಗಲೇ ಪ್ರಕಾಶಕರ ಕಚೇರಿಯ ಸಂಪಾದಕನ ಫೋನು. "ಅಮ್ಮಾ, ಹೆಸರೇ ಇಲ್ದವಳನ್ನ ಯಾರು ಹುಡುಕ್ತಾರೆ? ಅದನ್ನ ತೆಗೀತೀನಿ."

"ಇರ್ಲಿ ಬಿಡಪ್ಪಾ, ಒಂದು ಸಾಲು ತಾನೇ. ನಿನ್ನ ಕೈ ಮುಗೀತೀನಿ."

ಮೂವತ್ತೊಂದು ವರ್ಷದಲ್ಲಿ ಇವರು ಆ ಕಚೇರಿಯನ್ನು ಏನನ್ನೂ ಬೇಡಿದವರಲ್ಲ. ಆತ "ನೋಡೋಣ" ಎಂದು ಫೋನಿಟ್ಟ. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ ಮುಂದಿನ ಹಾಳೆ ತಿರುಗಿಸಿದರು.

ತಿಂಗಳ ಮೇಲೆ ಮತ್ತೆ ಹೋಗಿದ್ದೇನೆ. ಪುಸ್ತಕ ಬಂದಿದೆ, ಎರಡು ಸಾವಿರ ಪ್ರತಿ. ಕೊನೆಯ ಪುಟ ತೆರೆದು ನನ್ನ ಮುಂದೆ ಹಿಡಿಯುತ್ತಾರೆ. ಅಚ್ಚಿನ ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರ.

"ನಂಗೆ ಬಂದ ಗೌರವ ಪ್ರತೀಲಿ ನಾನೇ ಬರ್ಕೊಂಡೆ. ಮಿಕ್ಕಿದ ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಅವಳಿಲ್ಲ."